ಹದಿನಾಲ್ಕು ಮಂದಿಯ ಹಿಂದೆ ಒಬ್ಬರು

ಮದುವೆ ಮನೆಯಲ್ಲಿ ಬಡಿಸುವ ಹುಡುಗರಿಗೆ ಬರವಿರುವುದಿಲ್ಲ. ಕರೆಯದೆಯೇ ಬಂದು, ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೊಂದು ಟವೆಲು ಹಾಕಿಕೊಂಡು ಸಾಲಾಗಿ ನಿಂತುಬಿಡುತ್ತಾರೆ. ಹಾಗಿದ್ದೂ ಒಂದು ಪಂಕ್ತಿಗೆ ಕೋಸಂಬರಿ ಮೂರು ಸಲ ಬಂದು, ಇನ್ನೊಂದು ಪಂಕ್ತಿಯ ಕೊನೆಯ ಎಲೆಗೆ ಸಾರು ತಲುಪುವ ಹೊತ್ತಿಗೆ ಅನ್ನ ಆರಿಹೋಗಿರುವುದುಂಟು. ಹೀಗಾಗದಂತೆ ನೋಡಿಕೊಳ್ಳುವವರು ಉಗ್ರಾಣದ ಬೀಗದ ಕೈ ಇಟ್ಟುಕೊಂಡವರು, ಮತ್ತು ಪಂಕ್ತಿಯ ತುದಿಯಲ್ಲಿ ನಿಂತು ಎಲೆಗಳ ಮೇಲೆ ಕಣ್ಣಾಡಿಸುತ್ತಿರುವ ಹಿರಿಯರು. ಅವರ ಕೈಯಲ್ಲಿ ಸೌಟು ಇರುವುದಿಲ್ಲವಾದ್ದರಿಂದ ಅವರೂ ಕೆಲಸ ಮಾಡುತ್ತಿದ್ದಾರೆಂದು ಯಾರಿಗೂ ಅನ್ನಿಸುವುದಿಲ್ಲ. ಬಡಾವಣೆ, ವಾರ್ಡುಗಳ ಮಟ್ಟದಲ್ಲಿ ಕೆಲಸ ಮಾಡುವ ಸೇವಾ ಸಂಸ್ಥೆಗಳಲ್ಲೂ ಇಂಥದೊಂದು ಜಾಗವಿದೆ. ಬಹಳ ಕಡೆ ಆ ಜಾಗ ಖಾಲಿ ಇದೆ. ಹಾಸಿಗೆ ಹಿಡಿದವರನ್ನು ವಾರಕ್ಕೊಮ್ಮೆ ನೋಡಿಬರುವುದು, ಮಕ್ಕಳಿಗೆ ಸಂಜೆ ಪಾಠ ಹೇಳುವುದು, ಒಂಟಿಯಾಗಿರುವ ವೃದ್ಧರಿಗೆ ಔಷಧಿ ತಂದುಕೊಡುವುದು, ಪಿಂಚಣಿ ಅರ್ಜಿ ತುಂಬಿಕೊಡುವುದು, ಇಂಥ ಕೆಲಸಗಳಿಗೆ ಮುಂದೆ ಬರುವ ಜನ ಎಲ್ಲ ಊರಲ್ಲೂ ಇದ್ದಾರೆ. ಅವರಲ್ಲಿ ಯಾರು, ಯಾವ ಮನೆಗೆ, ಯಾವ ದಿನ, ಬಾರದಿದ್ದರೆ ಬದಲಿಗೆ ಯಾರು ಎಂದು ನೋಡಿಕೊಳ್ಳುವವರು ಮಾತ್ರ ಇಲ್ಲ. ಸೇವೆ ಮಾಡುವ ಮನಸ್ಸು ನಮ್ಮಲ್ಲಿ ಕಡಿಮೆಯಾಗಿದೆ ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಕಡಿಮೆಯಾಗಿರುವುದು ಮನಸ್ಸಲ್ಲ, ಆ ಮನಸ್ಸನ್ನು ಹೊಂದಿಸಿ ನಡೆಸುವ ಕೆಲಸ. ಅದು ಪ್ರತ್ಯೇಕವಾದೊಂದು ಕೆಲಸ, ಕಲಿತು ಮಾಡಬೇಕಾದ ಕೆಲಸ, ಸಂಬಳ ಕೊಟ್ಟು ಮಾಡಿಸಬೇಕಾದ ಕೆಲಸ ಎಂಬುದು ಈ ಲೇಖನದ ವಾದ.

ಹೊಂದಿಸುವವರಿಲ್ಲದ ಒಳ್ಳೆಯ ಮನಸ್ಸು ಏನಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ಕರಾವಳಿಯೇ ಒಮ್ಮೆ ತೋರಿಸಿಕೊಟ್ಟಿತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದು ತಮಿಳುನಾಡಿನ ಮೀನುಗಾರರ ಊರುಗಳು ನೆಲಸಮವಾದಾಗ ದೇಶದ ಮೂಲೆ ಮೂಲೆಯಿಂದ ಲಾರಿಗಟ್ಟಲೆ ಬಟ್ಟೆ ಹೋಯಿತು. ಕೊಟ್ಟವರ ಕರುಣೆಯಲ್ಲಿ ಕೊರತೆ ಇರಲಿಲ್ಲ. ಆದರೆ ಬಟ್ಟೆ ಯಾರಿಗೆ ಬೇಕು, ಎಂಥದು ಬೇಕು, ಬಂದದ್ದನ್ನು ಯಾರು ವಿಂಗಡಿಸಬೇಕು ಎಂದು ಯಾರೂ ಕೇಳಿರಲಿಲ್ಲ. ಕಡಲತಡಿಯ ಸೆಕೆಯಲ್ಲಿ ಬದುಕುವವರಿಗೆ ಉಣ್ಣೆಯ ಬಟ್ಟೆಯಿಂದ ಏನು ಪ್ರಯೋಜನ? ಅಂಥವೂ, ಹರಿದವೂ, ಉಡಲು ಬಾರದವೂ ರಸ್ತೆಯ ಪಕ್ಕದಲ್ಲಿ ರಾಶಿ ರಾಶಿಯಾಗಿ ಬಿದ್ದವು. ಮನೆಮಠ ಕಳೆದುಕೊಂಡ ಮೀನುಗಾರರು ಅವನ್ನು ಮುಟ್ಟಲಿಲ್ಲ, ಮುಟ್ಟದಿದ್ದುದು ಅವರ ಸ್ವಾಭಿಮಾನ. ಅನ್ಶು ಗುಪ್ತಾ ಅವರು 1999ರಲ್ಲಿ ಆರಂಭಿಸಿದ್ದ ಗೂಂಜ್ ಸಂಸ್ಥೆ ಆ ರಾಶಿಗಳನ್ನು ಎತ್ತಿ, ವಿಂಗಡಿಸಿ, ಬಳಕೆಗೆ ತರುವ ಕೆಲಸ ಹಿಡಿಯಿತು. ಬಟ್ಟೆ ಕೊಡುವವರು ಈ ದೇಶದಲ್ಲಿ ಎಂದೂ ಇದ್ದರು. ಗೂಂಜ್ ಹೊಸದಾಗಿ ಸೇರಿಸಿದ್ದು ವಿಂಗಡಿಸುವ ಕೈಗಳನ್ನು, ಬೇಕಾದವರನ್ನು ಕೇಳುವ ಪದ್ಧತಿಯನ್ನು. 2015ರಲ್ಲಿ ಗುಪ್ತಾ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬಟ್ಟೆಯ ವಿಷಯದಲ್ಲಿ ಕಣ್ಣಿಗೆ ರಾಚುವ ಈ ಸಂಗತಿ ಜನರ ಸಮಯದ ವಿಷಯದಲ್ಲಿ ಕಾಣುವುದಿಲ್ಲ. ಭಾನುವಾರ ಬೆಳಿಗ್ಗೆ ನೆರವಾಗಲು ಬಂದು ಮಾಡಲು ಏನೂ ಸಿಗದೆ ಹಿಂದಿರುಗಿದ ಮೂವತ್ತು ಜನರ ತೊಂಬತ್ತು ಗಂಟೆಗಳು ರಸ್ತೆಯ ಪಕ್ಕದಲ್ಲಿ ರಾಶಿ ಬೀಳುವುದಿಲ್ಲವಲ್ಲ.

ನೆರೆಹೊರೆಯ ಸೇವೆಯನ್ನು ವ್ಯವಸ್ಥೆಯಾಗಿ ಕಟ್ಟಿದ ಹೆಸರಾಂತ ಹಳೆಯ ಪ್ರಯೋಗವೊಂದು ಜರ್ಮನಿಯ ಎಲ್ಬರ್‌ಫೆಲ್ಡ್ ಎಂಬ ನೇಕಾರರ ಪಟ್ಟಣದ್ದು. ಈಗ ಅದು ವುಪ್ಪರ್ಟಾಲ್ ನಗರದ ಒಂದು ಭಾಗ. ಗಿರಣಿಗಳು ಬಂದ ಮೇಲೆ ಊರು ಉಬ್ಬಿತು, ಬಡತನವೂ ಉಬ್ಬಿತು, ನಗರಸಭೆಯ ಬೊಕ್ಕಸಕ್ಕೆ ಅದನ್ನು ನಿಭಾಯಿಸಲಾಗಲಿಲ್ಲ. 1853ರಲ್ಲಿ ಊರಿನ ಹಿರಿಯರು ಒಂದು ಹೊಸ ಏರ್ಪಾಡು ಮಾಡಿದರು. ಊರನ್ನು ಸಣ್ಣ ಸಣ್ಣ ಪಾಲುಗಳಾಗಿ ವಿಂಗಡಿಸಿ, ಒಂದೊಂದು ಪಾಲಿಗೆ ಅಲ್ಲಿಯದೇ ಒಬ್ಬ ನಾಗರಿಕನನ್ನು ಸಂಬಳವಿಲ್ಲದ ಪಾಲಕನನ್ನಾಗಿ ನೇಮಿಸಿದರು. ಒಬ್ಬನ ಪಾಲಿಗೆ ನಾಲ್ಕಕ್ಕಿಂತ ಹೆಚ್ಚು ಕುಟುಂಬಗಳು ಬರಕೂಡದೆಂಬುದು ನಿಯಮ. ಹದಿನಾಲ್ಕು ಪಾಲುಗಳು ಸೇರಿ ಒಂದು ವಿಭಾಗ, ಅದಕ್ಕೊಬ್ಬ ಮೇಲ್ವಿಚಾರಕ. ಹದಿನೈದು ದಿನಕ್ಕೊಮ್ಮೆ ಹದಿನಾಲ್ಕು ಮಂದಿಯೂ ಅವನ ಮುಂದೆ ಕೂತು, ಯಾವ ಮನೆಗೆ ಏನು ಬೇಕು ಎಂದು ಚರ್ಚಿಸಿ ತೀರ್ಮಾನಿಸುತ್ತಿದ್ದರು. ಮಂಜೂರಾದ ನೆರವು ಮುಂದಿನ ಸಭೆಯವರೆಗೆ ಮಾತ್ರ. ಬೇಕೆಂದರೆ ಮತ್ತೆ ಹೋಗಿ ಮನೆ ನೋಡಿ ಬಂದು ಹೇಳಬೇಕು. ಇದನ್ನು ಹೊಗಳುವಾಗ ಎರಡು ಮಾತು ಮುಚ್ಚಿಡಬಾರದು. ಆ ಹುದ್ದೆ ಗೌರವದ್ದಾದರೂ ನಿರಾಕರಿಸುವಂತಿರಲಿಲ್ಲ, ಹಾಗಾಗಿ ಅವರನ್ನು ನಾವಿಂದು ಹೇಳುವ ಅರ್ಥದಲ್ಲಿ ಸ್ವಯಂಸೇವಕರೆಂದು ಕರೆಯುವುದು ಕಷ್ಟ. ನೆರವು ಪಡೆಯುವವರ ಸಂಖ್ಯೆ ಬೇಗನೆ ಇಳಿದದ್ದರಲ್ಲಿ ಕಟ್ಟುನಿಟ್ಟಿನ ತಪಾಸಣೆಯ ಪಾಲೂ ಇತ್ತು. ಬಡವರ ಮನೆಯ ಒಲೆಯವರೆಗೂ ಇಣುಕುವ ಹಕ್ಕು ಆ ಪಾಲಕರಿಗಿತ್ತು. ಆದರೂ ಆ ಏರ್ಪಾಡಿನ ಲೆಕ್ಕಾಚಾರವನ್ನು ಇಂದಿನ ಸಂಸ್ಥೆಗಳು ಕಣ್ಣಿಟ್ಟು ನೋಡಬೇಕು. ಒಬ್ಬ ಪಾಲಕನಿಗೆ ನಾಲ್ಕು ಮನೆ, ಒಬ್ಬ ಮೇಲ್ವಿಚಾರಕನಿಗೆ ಹದಿನಾಲ್ಕು ಪಾಲಕರು. ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವ ಮನುಷ್ಯ ಎಷ್ಟು ಮುಖಗಳನ್ನು, ಎಷ್ಟು ಕಷ್ಟಗಳನ್ನು ನೆನಪಿಟ್ಟುಕೊಳ್ಳಬಲ್ಲ ಎಂಬ ಅಂದಾಜಿನ ಮೇಲೆ ಇಡೀ ಊರನ್ನು ಜೋಡಿಸಿದ್ದರು.

ಊರುಗಳು ನಗರಗಳಾದಂತೆ ಅದೂ ಸಾಲದಾಯಿತು. ಬಡವರೆಲ್ಲ ಒಂದು ಕಡೆ, ಬಿಡುವಿದ್ದವರೆಲ್ಲ ಇನ್ನೊಂದು ಕಡೆ ನೆಲೆಸಿದರೆ ಪಾಲಿಗೊಬ್ಬ ಪಾಲಕನೆಂಬ ಲೆಕ್ಕ ಕೂಡಿಬರುವುದಿಲ್ಲ. ಅದಕ್ಕೆ 1905ರಲ್ಲಿ ಸ್ಟ್ರಾಸ್‌ಬರ್ಗ್ ನಗರ ಪದ್ಧತಿಯನ್ನು ಬದಲಿಸಿತು: ಸಂಬಳದ ಸಿಬ್ಬಂದಿ ಇರುವ ಕಚೇರಿಯೊಂದು ಅರ್ಜಿ ಪಡೆದು, ಮನೆಯ ಸ್ಥಿತಿ ಅರಿತು, ಆ ಮನೆಗೆ ಹೊಂದುವ ಸ್ವಯಂಸೇವಕನನ್ನು ಆರಿಸಿ ಕಳಿಸುವುದು. ಅಷ್ಟರಲ್ಲಿ ಅಮೆರಿಕದಲ್ಲೂ ಇದೇ ಪಾಠ ಬೇರೆ ದಾರಿಯಿಂದ ಬಂದಿತ್ತು. ಅಲ್ಲಿನ ದಾನ ಸಂಘಗಳು ಬಡವರ ಮನೆಗೆ ಸ್ನೇಹದ ಭೇಟಿಗೆಂದು ಕಳಿಸುತ್ತಿದ್ದ ಜನ ಏನು ಮಾಡಬೇಕು, ಏನು ಮಾಡಬಾರದು ಎಂಬುದರ ಬಗ್ಗೆ ಮೇರಿ ರಿಚ್‌ಮಂಡ್ 1899ರಲ್ಲಿ ಒಂದು ಕೈಪಿಡಿಯನ್ನೇ ಬರೆದರು. ಅದರ ಹಿಂದಿನ ವರ್ಷ ನ್ಯೂಯಾರ್ಕಿನಲ್ಲಿ ಬೇಸಿಗೆಯ ತರಬೇತಿ ಶಾಲೆ ಆರಂಭವಾಗಿತ್ತು. ಈಗ ನಮ್ಮ ವಿಶ್ವವಿದ್ಯಾಲಯಗಳಲ್ಲಿ ಎಂ.ಎಸ್.ಡಬ್ಲ್ಯು ಎಂದು ಓದುವ ಸಮಾಜಕಾರ್ಯದ ಬೇರುಗಳಲ್ಲಿ ಒಂದು ಅಲ್ಲಿದೆ. ಒಳ್ಳೆಯ ಮನಸ್ಸಿನ ಭೇಟಿಗಾರರನ್ನು ಹೇಗೆ ನಡೆಸಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ ಒಂದು ವೃತ್ತಿಯೇ ಹುಟ್ಟಿತು.

ದೂರದ ಉದಾಹರಣೆ ಸಾಕು. ಇಂದಿಗೆ ಹೆಚ್ಚು ಬೆಲೆಯುಳ್ಳ ಸಾಕ್ಷ್ಯ ನಮ್ಮ ನೆರೆಯ ಕೇರಳದ ಉತ್ತರ ಭಾಗದಲ್ಲಿದೆ. ಕೋಳಿಕ್ಕೋಡಿನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಜೊತೆಗಾರರು ಸೇರಿ ನೋವು ಹಾಗೂ ಉಪಶಾಮಕ ಆರೈಕೆಯ ಸಂಘವೊಂದನ್ನು ಕಟ್ಟಿದರು. ಉಪಶಾಮಕ ಆರೈಕೆ ಎಂದರೆ ಗುಣವಾಗದ ಕಾಯಿಲೆಯವರ ನೋವು, ಉಸಿರಾಟದ ಕಷ್ಟ, ಹುಣ್ಣು, ಮನಸ್ಸಿನ ದುಗುಡ ಇವನ್ನೆಲ್ಲ ಕಡಿಮೆ ಮಾಡಿ ಉಳಿದ ದಿನಗಳನ್ನು ಸಹನೀಯವಾಗಿಸುವುದು. ಕೆಲವೇ ವರ್ಷಗಳಲ್ಲಿ ಅವರಿಗೆ ಒಂದು ಸತ್ಯ ಎದುರಾಯಿತು. ಅತಿ ಹೆಚ್ಚು ನರಳುವ ರೋಗಿಗೆ ಹಾಸಿಗೆಯಿಂದ ಏಳಲಾಗುವುದಿಲ್ಲ, ಬಸ್ಸು ಹಿಡಿದು ಕೋಳಿಕ್ಕೋಡಿಗೆ ಬರಲಂತೂ ಸಾಧ್ಯವೇ ಇಲ್ಲ. ಬಂದವರಿಗೂ ಔಷಧಿಯಷ್ಟೇ ಸಾಲದು. ದುಡಿಯುವ ಗಂಡ ಮಲಗಿದರೆ ಮನೆಯಲ್ಲಿ ಅಕ್ಕಿ ಇರುವುದಿಲ್ಲ, ಮಗಳು ಶಾಲೆ ಬಿಡುತ್ತಾಳೆ, ನೋಡಿಕೊಳ್ಳುವ ಹೆಂಡತಿಗೆ ಒಂದು ರಾತ್ರಿಯ ನಿದ್ದೆಯೂ ಇರುವುದಿಲ್ಲ. ಈ ತೊಂದರೆಗಳಲ್ಲಿ ಬಹುಪಾಲು ವೈದ್ಯರ ಕೈಯಲ್ಲಿ ಬಗೆಹರಿಯುವಂಥವಲ್ಲ, ನೆರೆಯವರ ಕೈಯಲ್ಲಿ ಬಗೆಹರಿಯುವಂಥವು. 2000ದ ದಶಕದ ಆರಂಭದಲ್ಲಿ ಮಲಪ್ಪುರಂ ಮೊದಲಾದ ಕಡೆ ಬೆಳೆದ ನೆರೆಹೊರೆ ಉಪಶಾಮಕ ಆರೈಕೆ ಜಾಲಕ್ಕೆ ಈ ತಿಳಿವಳಿಕೆಯೇ ಅಡಿಗಲ್ಲು.

ಆ ಜಾಲದವರು ಬಂದವರನ್ನೆಲ್ಲ ನೇರವಾಗಿ ರೋಗಿಯ ಮನೆಗೆ ಕಳಿಸಲಿಲ್ಲ. ವಾರಕ್ಕೆ ಕನಿಷ್ಠ ಎರಡು ಗಂಟೆ ಕೊಡಬಲ್ಲಿರಾ ಎಂಬುದು ಮೊದಲ ಪ್ರಶ್ನೆ. ಹೌದೆಂದವರಿಗೆ 16 ಗಂಟೆಗಳ ಪಾಠ, ನಂತರ ಅನುಭವಸ್ಥರ ಜೊತೆ ನಾಲ್ಕು ದಿನ ರೋಗಿಗಳ ನಡುವೆ ಕಲಿಕೆ. ಆಮೇಲೆ ತಮ್ಮ ಊರಿನಲ್ಲೇ ಹತ್ತರಿಂದ ಹದಿನೈದು ಮಂದಿಯ ಒಂದು ಗುಂಪು ಕಟ್ಟಿಕೊಳ್ಳಬೇಕು, ಆ ಗುಂಪು ಊರಿನ ದೀರ್ಘಕಾಲದ ರೋಗಿಗಳನ್ನು ಗುರುತಿಸಬೇಕು, ಅವರಿಗೆ ಬೇಕಾದದ್ದನ್ನು ಪಟ್ಟಿ ಮಾಡಬೇಕು. ಗಾಯ ತೊಳೆದು ಕಟ್ಟುವುದು, ಮೂತ್ರದ ಕೊಳವೆ ಬದಲಿಸುವುದು ತರಬೇತಾದ ನರ್ಸಿನ ಕೆಲಸ. ಔಷಧಿಯ ಪ್ರಮಾಣ ಹೇಳುವುದು ವೈದ್ಯರದು. ಮಾತಿಗೆ ಕೂರುವುದು, ಅಕ್ಕಿ ತಲುಪಿಸುವುದು, ಮಗುವಿನ ಶಾಲೆ ತಪ್ಪದಂತೆ ನೋಡುವುದು, ಸರ್ಕಾರಿ ನೆರವಿನ ಅರ್ಜಿ ಹಿಡಿದು ಕಚೇರಿಗೆ ಓಡಾಡುವುದು ನೆರೆಯವರದು. ಯಾರ ಕೆಲಸ ಎಲ್ಲಿ ಮುಗಿಯುತ್ತದೆ ಎಂಬ ಈ ಗೆರೆ ಎಲ್ಲರಿಗೂ ತಿಳಿದಿದ್ದರಿಂದಲೇ ಅಂಗಡಿಯವರು, ಮೇಸ್ತ್ರಿಗಳು, ಕಾಲೇಜು ಹುಡುಗರು ಸಾವಿನ ಅಂಚಿನಲ್ಲಿರುವವರ ಮನೆಗೆ ಅಂಜದೆ ಕಾಲಿಡುವಂತಾಯಿತು. ಹಣದ ಬಹುಭಾಗ ಊರಿನೊಳಗಿಂದಲೇ, ಸಣ್ಣ ಸಣ್ಣ ಮೊತ್ತಗಳಲ್ಲಿ ಬಂತು. 2008ರಲ್ಲಿ ಕೇರಳ ಸರ್ಕಾರ ಉಪಶಾಮಕ ಆರೈಕೆ ನೀತಿಯನ್ನು ಹೊರಡಿಸಿ ಪಂಚಾಯಿತಿಗಳನ್ನೂ ಆರೋಗ್ಯ ಕೇಂದ್ರಗಳನ್ನೂ ಇದರೊಳಗೆ ಸೇರಿಸಿತು. 2010ರಲ್ಲಿ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ ಸಂಸ್ಥೆ ಜೀವನದ ಕೊನೆಯ ದಿನಗಳ ಆರೈಕೆಯ ಬಗ್ಗೆ 40 ದೇಶಗಳನ್ನು ಅಳೆದಾಗ ಭಾರತ ನಲವತ್ತನೆಯ ಸ್ಥಾನದಲ್ಲಿತ್ತು. ಅದೇ ವರದಿ ಕೇರಳವನ್ನು ಭರವಸೆಯ ದೀಪವೆಂದು ಎತ್ತಿ ಹೇಳಿತು: ದೇಶದ ಜನಸಂಖ್ಯೆಯ ನೂರಕ್ಕೆ ಮೂರು ಪಾಲಿರುವ ರಾಜ್ಯ ದೇಶದ ಉಪಶಾಮಕ ಆರೈಕೆಯ ಮೂರನೆಯ ಎರಡು ಭಾಗವನ್ನು ಒದಗಿಸುತ್ತಿತ್ತು.

ಕೇರಳದ ಜನ ಉಳಿದವರಿಗಿಂತ ಹೆಚ್ಚು ಕರುಣಾಳುಗಳು ಎಂದು ಇದನ್ನು ವಿವರಿಸಲಾಗದು. ಅಲ್ಲಿನ ಸಾಕ್ಷರತೆ, ಜನ ಒತ್ತಾಗಿ ನೆಲೆಸಿರುವ ಹಳ್ಳಿಗಳು, ಕೈಯಲ್ಲಿ ಹಣವಿರುವ ಪಂಚಾಯಿತಿಗಳು ನೆರವಾಗಿವೆ, ಅದು ನಿಜ. ಬೀದರಿನ ಬಯಲಿಗೋ ಮಲೆನಾಡಿನ ಒಂಟಿಮನೆಗಳಿಗೋ ಅದನ್ನು ಹಾಗೆಯೇ ಎತ್ತಿ ತರಲಾಗದು. ಕರುಣೆ ನಮ್ಮಲ್ಲೂ ಇದೆ; ಬೆಂಗಳೂರಿನ ಕರುಣಾಶ್ರಯ ಸಂಸ್ಥೆ 1994ರಲ್ಲಿ ಹುಟ್ಟಿ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತ ಬಂದಿದೆ. ಆದರೆ ಕೇರಳದಲ್ಲಿ ಎದ್ದು ಕಾಣುವುದು ಬೇರೆ ಅಂಶ, ಗುಂಪಿನ ಗಾತ್ರ. ಎಲ್ಬರ್‌ಫೆಲ್ಡಿನ ಹದಿನಾಲ್ಕು, ಮಲಪ್ಪುರದ ಹತ್ತು ಹದಿನೈದು, ಇವೆರಡರ ನಡುವೆ ಒಂದೂವರೆ ಶತಮಾನ ಮತ್ತು ಅರ್ಧ ಭೂಗೋಳ ಇದೆ. ಸಂಖ್ಯೆ ಮಾತ್ರ ಹೆಚ್ಚುಕಡಿಮೆ ಅದೇ. ಇದಕ್ಕೆ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯನ್ನು ಹೋಲಿಸಿ ನೋಡಿ. ಗಾಂಧೀಜಿಯ ಜನ್ಮಶತಾಬ್ದಿಯ 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿ ಎರಡು ವರ್ಷಗಳಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ನೂರು ವಿದ್ಯಾರ್ಥಿಗಳ ಒಂದು ಘಟಕಕ್ಕೆ ಒಬ್ಬ ಕಾರ್ಯಕ್ರಮಾಧಿಕಾರಿ, ಅವರೂ ತರಗತಿ, ಪರೀಕ್ಷೆ, ಮೌಲ್ಯಮಾಪನಗಳ ನಡುವೆ ಇದನ್ನು ಹೊತ್ತ ಅಧ್ಯಾಪಕರು. ನೂರು ಜನರನ್ನು ಒಂದೇ ದಿನ ಒಂದೇ ಕಡೆ ಕರೆದೊಯ್ದು ಗಿಡ ನೆಡಿಸಬಹುದು, ಕೆರೆಯ ದಂಡೆ ಗುಡಿಸಬಹುದು, ಏಳು ದಿನದ ಶಿಬಿರ ನಡೆಸಬಹುದು. ನೂರು ಜನರನ್ನು ನೂರು ಮನೆಗಳಿಗೆ ವಾರ ವಾರವೂ ಕಳಿಸಿ, ಹೋದರೋ ಇಲ್ಲವೋ, ಹೋಗಿ ಏನು ಕಂಡರು ಎಂದು ಕೇಳಲು ಒಬ್ಬರಿಗೆ ಆಗದು. ಸೇವಾ ಯೋಜನೆ ಎಂದರೆ ಸ್ವಚ್ಛತೆ, ಜಾಥಾ, ಶಿಬಿರ ಎಂಬ ಚಿತ್ರ ಜನರ ಮನಸ್ಸಿನಲ್ಲಿ ನಿಂತದ್ದಕ್ಕೆ ಆ ಅಧ್ಯಾಪಕರ ಶ್ರದ್ಧೆಯ ಕೊರತೆ ಕಾರಣವಲ್ಲ, ಒಂದಕ್ಕೆ ನೂರು ಎಂಬ ಆ ಪ್ರಮಾಣವೇ ಕಾರಣ ಎನ್ನುವುದು ನನ್ನ ತೀರ್ಮಾನ.

ಹಾಗಾದರೆ ಹೀಗೆ ಹೊಂದಿಸಿ ನಡೆಸುವವರು, ಅಂದರೆ ಸಂಯೋಜಕರು, ಮಾಡುವುದೇನು? ನೆರವಾಗುತ್ತೇನೆಂದು ಬಂದವರ ಜೊತೆ ಅರ್ಧ ಗಂಟೆ ಕೂತು ಮಾತಾಡುವುದರಿಂದ ಕೆಲಸ ಆರಂಭವಾಗುತ್ತದೆ. ನಿವೃತ್ತ ಬ್ಯಾಂಕ್ ನೌಕರರು ಗಣಿತ ಹೇಳಿಕೊಡಲು ಬಂದಿರಬಹುದು. ಅವರ ನಿಜವಾದ ಉಪಯೋಗ ಸಂಧ್ಯಾ ಸುರಕ್ಷಾ ಪಿಂಚಣಿ ನಿಂತುಹೋಗಿ ಕಾರಣ ತಿಳಿಯದೆ ಕಂಗಾಲಾದ ಅಜ್ಜಿಯ ಪಾಸ್‌ಪುಸ್ತಕ ಓದುವಲ್ಲಿರಬಹುದು. ತಂದೆಯನ್ನು ಈಚೆಗೆ ಕಳೆದುಕೊಂಡವರನ್ನು ಸಾಯುತ್ತಿರುವ ಇನ್ನೊಬ್ಬ ವೃದ್ಧರ ಪಕ್ಕಕ್ಕೆ ಈಗಲೇ ಕಳಿಸಬೇಕೋ ಬೇಡವೋ ಎಂಬುದನ್ನು ಎದುರು ಕೂತವರ ಮುಖ ನೋಡಿಯೇ ಅಳೆಯಬೇಕು. ಮಕ್ಕಳ ಜೊತೆ ಕೆಲಸ ಮಾಡುವವರ ಹಿನ್ನೆಲೆ ವಿಚಾರಿಸುವುದು, ಇಬ್ಬರು ದೊಡ್ಡವರಿಲ್ಲದೆ ತರಗತಿ ನಡೆಯದಂತೆ ನೋಡುವುದು, ಮಗುವಿಗೆ ಕಿರುಕುಳವಾದದ್ದು ತಿಳಿದರೆ ಪೊಲೀಸರಿಗೆ ತಿಳಿಸುವುದು ತಿಳಿದವರ ಮೇಲೆ 2012ರ ಪೋಕ್ಸೊ ಕಾಯ್ದೆ ಹೊರಿಸಿದ ಹೊಣೆ ಎಂದು ಎಲ್ಲರಿಗೂ ಮನದಟ್ಟು ಮಾಡುವುದು ಇನ್ನೊಂದು. ಮುನ್ನಾದಿನ ಫೋನ್ ಮಾಡಿ ನಾಳೆ ಬರುತ್ತೀರಲ್ಲ ಎಂದು ಕೇಳುವುದು, ಬರಲಾಗದವರ ಬದಲಿಗೆ ಮತ್ತೊಬ್ಬರನ್ನು ಹುಡುಕುವುದು, ಬಸ್ ಚಾರ್ಜಿಗೂ ಮನೆಯಲ್ಲಿ ಕೈಚಾಚಬೇಕಾದ ಹುಡುಗಿಗೆ ಸಂಕೋಚವಾಗದಂತೆ ಆ ಹಣ ಕೊಡುವುದು, ಹೋಗಿಬಂದ ಮೇಲೆ ಎರಡು ಸಾಲು ಬರೆಸಿಕೊಳ್ಳುವುದು. ಈ ಎರಡು ಸಾಲಿನ ಬೆಲೆ ದೊಡ್ಡದು. ಅಜ್ಜ ಈ ವಾರ ಊಟ ಅರ್ಧ ಬಿಟ್ಟರು ಎಂಬ ಒಂದು ಸಾಲು ಮೂರು ವಾರ ಒಂದರ ಕೆಳಗೊಂದು ಬಂದರೆ ಅದನ್ನು ಕೂಡಿಸಿ ನೋಡಿ ವೈದ್ಯರಿಗೆ ಹೇಳಬಲ್ಲವರು ಸಂಯೋಜಕರು ಮಾತ್ರ, ಏಕೆಂದರೆ ಮೂರು ವಾರ ಹೋಗಿಬಂದವರು ಮೂರು ಬೇರೆ ಬೇರೆ ಜನ.

ಇದರಲ್ಲಿ ಬಹಳ ಸಲ ಮರೆತುಹೋಗುವವರು ಸೇವೆ ಪಡೆಯುವವರು. ಸ್ವಯಂಸೇವಕ ಒಂದು ವಾರ ತಪ್ಪಿಸಿದರೆ ಅವನಿಗೆ ಏನೂ ಆಗುವುದಿಲ್ಲ, ಅವನು ಕೊಟ್ಟಷ್ಟೂ ಪುಣ್ಯವೇ ಎಂಬ ಭಾವನೆ ಊರಿಗೂ ಇದೆ. ಆದರೆ ಮಂಗಳವಾರ ನಾಲ್ಕು ಗಂಟೆಗೆ ಯಾರೋ ಬರುತ್ತಾರೆಂದು ಮೂರಕ್ಕೇ ಬಾಗಿಲು ತೆರೆದಿಟ್ಟು ಕೂತವರಿಗೆ ಬಾರದ ಆ ಒಂದು ದಿನ ಎಂಥದು? ಪುಕ್ಕಟೆ ಬರುವವರನ್ನು ಯಾಕೆ ಬರಲಿಲ್ಲ ಎಂದು ಕೇಳುವ ಧೈರ್ಯ ಅವರಿಗಿಲ್ಲ. ಅವರ ಪರವಾಗಿ ಆ ಪ್ರಶ್ನೆ ಕೇಳುವ ಅಧಿಕಾರವನ್ನು ಯಾರಿಗಾದರೂ ಕೊಡಲೇಬೇಕು. ನನ್ನ ದೃಷ್ಟಿಯಲ್ಲಿ ಸಂಯೋಜಕರ ಹುದ್ದೆಗೆ ಅತಿ ದೊಡ್ಡ ಸಮರ್ಥನೆ ಇದು. ಅವರು ಸ್ವಯಂಸೇವಕರ ನಾಯಕರಾಗಿ ಕೂತವರೆನ್ನುವುದಕ್ಕಿಂತ ಕೇಳಲಾಗದವರ ವಕೀಲರಾಗಿ ಕೂತವರು ಎನ್ನಬೇಕು.

ಇದಕ್ಕೆಲ್ಲ ಒಬ್ಬರು ಬೇಕೆ, ವಾಟ್ಸಾಪ್ ಗುಂಪು ಸಾಲದೆ ಎಂದು ಕೇಳುವವರಿದ್ದಾರೆ. ತುರ್ತಿಗೆ ಅದು ಸಾಕಾಗುವುದು ನಿಜ. ರಕ್ತ ಬೇಕಿದೆ ಎಂಬ ಸಂದೇಶ ಹತ್ತು ನಿಮಿಷದಲ್ಲಿ ಊರು ಸುತ್ತುತ್ತದೆ. ಆದರೆ ಇನ್ನೂರು ಜನರ ಗುಂಪಿಗೆ ಕೇಳಿದ ಪ್ರಶ್ನೆ ಯಾರಿಗೂ ಕೇಳಿದ ಪ್ರಶ್ನೆಯಲ್ಲ. ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಎಂಬ ಮನೋವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಧ್ವನಿಯ ಮೂಲಕ ಮಾತ್ರ ಮಾತಾಡುವಂತೆ ಮಾಡಿದರು. ನಡುವೆ ಒಬ್ಬನಿಗೆ ಮೂರ್ಛೆ ಬಂದಂತೆ ಕೇಳಿಸಿತು. ಕೇಳಿಸಿಕೊಂಡವನು ತಾನೊಬ್ಬನೇ ಎಂದುಕೊಂಡವರಲ್ಲಿ ನೂರಕ್ಕೆ 85 ಮಂದಿ ಎದ್ದು ನೆರವಿಗೆ ಓಡಿದರು. ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡವರಲ್ಲಿ ಹಾಗೆ ಎದ್ದವರು ನೂರಕ್ಕೆ 31 ಮಾತ್ರ. ಎರಡನೆಯ ಗುಂಪಿನವರು ಕಲ್ಲುಮನಸ್ಸಿನವರೇನಲ್ಲ, ಇನ್ಯಾರೋ ಹೋಗಿರುತ್ತಾರೆ ಎಂಬ ನಂಬಿಕೆ ಅವರನ್ನು ಕೂರಿಸಿತು. ‘ಈ ಗುರುವಾರ ಪಾಠಕ್ಕೆ ಯಾರು ಬರುತ್ತೀರಿ’ ಎಂಬ ಸಂದೇಶಕ್ಕೆ ಇಪ್ಪತ್ತು ಕೈಮುಗಿದ ಚಿತ್ರಗಳು ಬಂದು ಗುರುವಾರ ಯಾರೂ ಬಾರದೆ ಹೋಗುವುದಕ್ಕೂ ಅದೇ ಕಾರಣ. ಒಬ್ಬರ ಹೆಸರು ಹಿಡಿದು, ಗುರುವಾರ ಐದು ಗಂಟೆಗೆ ನೀವು ಬರಬೇಕು ಎಂದು ಕೇಳಿದರೆ ಬಹುತೇಕ ಜನ ಬರುತ್ತಾರೆ. ಹೆಸರು ಹಿಡಿದು ಕರೆಯಬೇಕಾದರೆ ಹೆಸರು, ಬಿಡುವು, ಮನೆಯ ಪರಿಸ್ಥಿತಿ ಎಲ್ಲವೂ ಗೊತ್ತಿರುವವರು ಬೇಕು.

ಎರಡನೆಯ ಆಕ್ಷೇಪ ಮನಸ್ಸಿಗೆ ಹತ್ತಿರದ್ದು. ಹಾಜರಿ, ಪಟ್ಟಿ, ತರಬೇತಿ ಎಂದು ಹೊರಟರೆ ಸೇವೆಯೂ ಕಚೇರಿಯಾಗಿಬಿಡುತ್ತದೆ, ನಮ್ಮ ಹಿರಿಯರು ಇವೆಲ್ಲ ಇಲ್ಲದೆಯೇ ಒಬ್ಬರಿಗೊಬ್ಬರು ಆಗುತ್ತಿರಲಿಲ್ಲವೆ ಎಂಬುದು. ಆಗುತ್ತಿದ್ದರು, ಆದರೆ ಲೆಕ್ಕವಿಲ್ಲದೆ ಅಲ್ಲ. ಮಲೆನಾಡಿನ ಮುಯ್ಯಾಳು ಪದ್ಧತಿಯಲ್ಲಿ ನಾಟಿಗೆ ನಮ್ಮ ಗದ್ದೆಗೆ ಬಂದವರ ಗದ್ದೆಗೆ ನಾವು ಹೋಗುತ್ತೇವೆ. ಯಾರ ಗದ್ದೆ ಯಾವತ್ತು, ಯಾರ ಮನೆಯಿಂದ ಎಷ್ಟು ಆಳು, ಎಷ್ಟು ದಿನ ಬಾಕಿ ಎಂಬುದು ಎಲ್ಲರ ನಾಲಿಗೆಯ ತುದಿಯಲ್ಲಿರುತ್ತದೆ. ಮದುವೆಯ ಮುಯ್ಯಿಯನ್ನು ಹೆಸರು ಸಮೇತ ಬರೆದಿಡುವ ಪುಸ್ತಕ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿದೆ. ಆ ಬರವಣಿಗೆಯಿಂದ ಸಂಬಂಧ ಕೆಟ್ಟಿಲ್ಲ, ತಲೆಮಾರು ದಾಟಿ ಉಳಿದಿದೆ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿದ್ದರಿಂದ ಸಂಯೋಜಕರೆಂಬ ಬೇರೆ ಹೆಸರು ಬೇಕಾಗಲಿಲ್ಲ, ಇಡೀ ಊರೇ ಆ ಕೆಲಸ ಮಾಡುತ್ತಿತ್ತು. ಅದೇ ಊರು ಯಾರನ್ನು ಒಳಗೆ ಸೇರಿಸಬೇಕು, ಯಾರನ್ನು ಹೊರಗಿಡಬೇಕು ಎಂಬುದನ್ನೂ ಜಾತಿ ನೋಡಿ ತೀರ್ಮಾನಿಸುತ್ತಿತ್ತು ಎಂಬುದನ್ನು ಮರೆತು ಆ ಕಾಲವನ್ನು ಹೊಗಳಲಾರೆ. ಕಷ್ಟ ನೋಡಿ ಕ್ರಮ ನಿಗದಿ ಮಾಡುವ ಪಟ್ಟಿಗೆ ಈ ವಿಷಯದಲ್ಲಿ ಒಂದು ದೊಡ್ಡ ಗುಣವಿದೆ, ಅದನ್ನು ತೆರೆದು ಯಾರಿಗಾದರೂ ತೋರಿಸಬಹುದು. ಪಟ್ಟಿ ಅತಿಯಾದರೆ ಕೆಲಸ ಸಾಯುತ್ತದೆ ಎಂಬ ಭಯ ಮಾತ್ರ ನ್ಯಾಯವಾದದ್ದು. ಸ್ವಯಂಸೇವಕರಿಂದ ನಾಲ್ಕು ಪುಟದ ವರದಿ ಕೇಳುವ ಸಂಸ್ಥೆ ಮೂರು ತಿಂಗಳಲ್ಲಿ ಅವರನ್ನು ಕಳೆದುಕೊಳ್ಳುತ್ತದೆ, ಕಳೆದುಕೊಳ್ಳುವುದು ಸರಿಯೂ ಹೌದು.

ಮೂರನೆಯ ಆಕ್ಷೇಪವನ್ನು ಅಷ್ಟು ಸುಲಭವಾಗಿ ಬದಿಗಿಡಲಾಗದು. ಸರ್ಕಾರ ಮಾಡಬೇಕಾದ ಕೆಲಸವನ್ನು ಜನರಿಂದ ಪುಕ್ಕಟೆ ಮಾಡಿಸುವುದಕ್ಕೆ ಸೇವೆ ಎಂಬ ಚಂದದ ಹೆಸರು ಬಂದುಬಿಡುತ್ತದೆ ಎಂಬ ಮಾತು ಅದು. ಆಶಾ ಕಾರ್ಯಕರ್ತೆಯರ ಸ್ಥಿತಿ ಇದಕ್ಕೆ ಸಾಕ್ಷಿ. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಬಂದ, ಸುಮಾರು ಸಾವಿರ ಜನಸಂಖ್ಯೆಗೊಬ್ಬರಂತೆ ಇರುವ ಈ ಹೆಣ್ಣುಮಕ್ಕಳನ್ನು ಸರ್ಕಾರದ ದಾಖಲೆ ಇವತ್ತಿಗೂ ಸ್ವಯಂಸೇವಕಿಯರೆಂದೇ ಕರೆಯುತ್ತದೆ. ಬಸುರಿಯರ ಲೆಕ್ಕ, ಲಸಿಕೆ, ಸಮೀಕ್ಷೆ, ಕೋವಿಡ್ ಕಾಲದಲ್ಲಿ ಮನೆ ಮನೆ ತಪಾಸಣೆ ಎಲ್ಲವೂ ಅವರ ತಲೆಯ ಮೇಲೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರನ್ನು ಪುರಸ್ಕರಿಸಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾಗಳು ನ್ಯಾಯವಾದ ಗೌರವಧನ ಕೇಳಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂರಬೇಕಾಯಿತು. ವಾರದ ಎಲ್ಲ ದಿನ ಮಾಡುವ, ಬಿಟ್ಟರೆ ಪ್ರಶ್ನೆ ಏಳುವ, ಮೇಲಿನವರ ಆದೇಶದಂತೆ ನಡೆಯುವ ಕೆಲಸ ಉದ್ಯೋಗ; ಅದಕ್ಕೆ ಸಂಬಳ ಕೊಡದಿರುವುದು ಅನ್ಯಾಯ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಒಪ್ಪುವುದರಿಂದಲೇ ಸಂಯೋಜಕರಿಗೆ ಸಂಬಳ ಬೇಕೆನ್ನುತ್ತೇನೆ. ಎರಡು ಗಂಟೆಯ ಸೇವೆ ಎರಡು ಗಂಟೆಯಾಗಿಯೇ ಉಳಿಯಬೇಕಾದರೆ ಯಾರಾದರೂ ಕಾವಲಿರಬೇಕು. ಕಾವಲಿಲ್ಲದ ಕಡೆ ಒಳ್ಳೆಯವರ ಮೇಲೆ ಭಾರ ಬೀಳುತ್ತ ಹೋಗುತ್ತದೆ. ಒಲ್ಲೆ ಎನ್ನಲು ಬಾರದ ಒಬ್ಬ ಹೆಣ್ಣುಮಗಳು ನಾಲ್ಕು ಮನೆ, ಎಂಟು ಮನೆ, ಕೊನೆಗೆ ಸಂಸ್ಥೆಯ ಲೆಕ್ಕಪತ್ರವನ್ನೂ ನೋಡಿಕೊಳ್ಳತೊಡಗಿ, ಒಂದು ದಿನ ಎಲ್ಲವನ್ನೂ ಬಿಟ್ಟು ಮನೆ ಸೇರುತ್ತಾಳೆ. ಮೂತ್ರದ ಕೊಳವೆ ನರ್ಸಿಗೆ, ಮಾತು ನೆರೆಯವರಿಗೆ ಎಂದು ಕೇರಳದವರು ಎಳೆದ ಗೆರೆ ರೋಗಿಯನ್ನು ಕಾಯುವಷ್ಟೇ ನರ್ಸಿನ ಉದ್ಯೋಗವನ್ನೂ ಕಾಯುತ್ತದೆ.

ಉಳಿದದ್ದು ಹಣದ ಮಾತು. ಬಡವರಿಗೆಂದು ಕೊಟ್ಟ ಹಣ ಕಚೇರಿಯವರ ಸಂಬಳಕ್ಕೆ ಹೋಗಬಾರದು ಎಂದು ದಾನಿಗಳು ಹೇಳುತ್ತಾರೆ, ಕಾನೂನೂ ಆ ಕಡೆಗೇ ವಾಲಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿ ಅಂಥ ದೇಣಿಗೆಯಲ್ಲಿ ಆಡಳಿತ ವೆಚ್ಚದ ಮಿತಿಯನ್ನು ನೂರಕ್ಕೆ 50ರಿಂದ 20ಕ್ಕೆ ಇಳಿಸಿತು. ಆ ಕಾಯ್ದೆಯ ನಿಯಮಗಳಂತೆ ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳ ಆಡಳಿತ ವೆಚ್ಚವಲ್ಲ; ನಿರ್ವಹಣೆಗೆಂದು ನೇಮಿಸಿದವರ ಸಂಬಳ ಆಡಳಿತ ವೆಚ್ಚ. ಸಂಯೋಜಕರ ಹುದ್ದೆ ಮೇಲ್ನೋಟಕ್ಕೆ ಈ ಎರಡನೆಯ ಪೆಟ್ಟಿಗೆಯೊಳಗೆ ಬೀಳುತ್ತದೆ. ಕಳ್ಳ ಸಂಸ್ಥೆಗಳನ್ನು ಹಿಡಿಯಲು ಮಿತಿ ಬೇಕು ಎಂಬುದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಮೂವತ್ತು ಜನ ವಾರಕ್ಕೆ ಎರಡು ಗಂಟೆಯಂತೆ ಕೊಟ್ಟರೆ ತಿಂಗಳಿಗೆ 240 ಗಂಟೆಯಾಗುತ್ತದೆ, ಅದು ಒಬ್ಬ ಪೂರ್ಣಾವಧಿ ನೌಕರನ ತಿಂಗಳ ದುಡಿಮೆಗಿಂತ ಹೆಚ್ಚು. ಅಷ್ಟು ಗಂಟೆಗಳು ದಾರಿಯಲ್ಲಿ ಸೋರಿಹೋಗದೆ ಮನೆಗಳನ್ನು ತಲುಪುವಂತೆ ಮಾಡುವವರಿಗೆ ಅರ್ಧ ದಿನದ ಸಂಬಳ ಕೊಟ್ಟರೆ ಅದು ಬಡವರ ಪಾಲಿನಿಂದ ಕಿತ್ತ ಹಣ ಹೇಗಾದೀತು? ನೀರು ಹರಿಸಲು ಕೊಳವೆ ಹಾಕಿದ ಖರ್ಚನ್ನು ಯಾರೂ ನೀರಿನ ನಷ್ಟವೆಂದು ಬರೆಯುವುದಿಲ್ಲ.

ವಿದೇಶಿ ಹಣ, ಕಂಪನಿಗಳ ಹಣ ಎರಡೂ ಇಲ್ಲದ ಸಂಸ್ಥೆಗಳೇ ನಮ್ಮಲ್ಲಿ ಹೆಚ್ಚು, ಅವುಗಳಿಗೆ ಊರಿನೊಳಗಿಂದಲೇ ಸಣ್ಣ ಮೊತ್ತಗಳನ್ನು ಕೂಡಿಸುವ ಮಲಪ್ಪುರದ ದಾರಿಯೇ ಉಳಿದಿರುವುದು. ನೂರು ಮನೆಗಳ ಒಂದು ಬಡಾವಣೆಯಲ್ಲಿ ಮನೆಗೆ ತಿಂಗಳಿಗೆ ನೂರು ರೂಪಾಯಿ ಎಂದರೆ ಹತ್ತು ಸಾವಿರ. ಅಷ್ಟರಲ್ಲಿ ಅದೇ ಬಡಾವಣೆಯ, ಓದು ಬರಹ ಬಲ್ಲ, ಜನರ ಜೊತೆ ಹೊಂದಿಕೊಂಡು ಮಾತಾಡಬಲ್ಲ ಒಬ್ಬರನ್ನು ದಿನಕ್ಕೆ ಮೂರು ಗಂಟೆಯ ಕೆಲಸಕ್ಕೆ ಗೊತ್ತುಮಾಡಬಹುದು. ಹದಿನೈದು ಸ್ವಯಂಸೇವಕರು, ಒಬ್ಬೊಬ್ಬರಿಗೆ ಒಂದೋ ಎರಡೋ ಮನೆ, ಹದಿನೈದು ದಿನಕ್ಕೊಂದು ಸಭೆ, ಒಂದು ನೋಟ್‌ಬುಕ್ಕು, ಒಂದು ಫೋನು. ಗುಂಪು ಹದಿನೈದನ್ನು ದಾಟಿದರೆ ಅದನ್ನು ಹಿಗ್ಗಿಸದೆ ಇನ್ನೊಂದು ಗುಂಪು ಮಾಡಬೇಕು. ಬಡಾವಣೆಯ ಸಂಘದ ಖರ್ಚಿನ ಪುಸ್ತಕದಲ್ಲಿ ಕಾವಲುಗಾರನ ಸಂಬಳಕ್ಕೆ ಒಂದು ಸಾಲು, ನೀರಿನ ಮೋಟಾರು ನೋಡಿಕೊಳ್ಳುವವನಿಗೆ ಒಂದು ಸಾಲು, ಪಾರ್ಕಿನ ಮಾಲಿಗೆ ಒಂದು ಸಾಲು ಈಗಾಗಲೇ ಇವೆ. ಸಂಯೋಜಕರ ಹೆಸರು ಬರೆಯಲು ಜಾಗ ಅವುಗಳ ಕೆಳಗಿದೆ.